ಅರ್ಧ ದಾರಿಗೆ ನಿಂತ ಮಗು

ಹಳೇಬೀಡು, ಬುಧವಾರ

ಅತ್ತೆಯವರಿಗೆ ನಮಸ್ಕಾರ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನಿಮ್ಮೂರಿಗೆ ಬರುತ್ತಿರುವ ನಿಮ್ಮ ಮಗನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ನಿನ್ನೆ ಮಗು ಪಾರಮಿಯನ್ನು ಅರಸೀಕೆರೆಗೆ ಕರೆದೊಯ್ದಿದ್ದೆ. ವರ್ಷದ ಮಕ್ಕಳು ತಾಯಿಯನ್ನು ಹೇಗೆ ಹಚ್ಚಿಕೊಳ್ಳುತ್ತವೆ ಎಂದು ಅಧ್ಯಯನ ಮಾಡುವ ಮನಶ್ಶಾಸ್ತ್ರದ ಮೇಡಂ ಒಬ್ಬರು ಬಂದಿದ್ದರು. ಆಟಿಕೆಗಳಿದ್ದ ಕೋಣೆಯಲ್ಲಿ ಮಗುವನ್ನು ಬಿಟ್ಟು ನಾನು ಮೂರು ನಿಮಿಷ ಹೊರಗಿದ್ದು ಬರಬೇಕು, ಅಷ್ಟೆ. ಹೋದಾಗ ಅತ್ತಳು. ಬಂದಾಗ ನನ್ನತ್ತ ಅಂಬೆಗಾಲಿಟ್ಟವಳು ಅರ್ಧಕ್ಕೇ ನಿಂತು ಗೋಡೆ ಕಡೆ ಮುಖ ತಿರುಗಿಸಿದಳು. ಎತ್ತಿಕೊಂಡರೆ ಮೈ ಸೆಟೆದುಕೊಂಡಳು, ಆದರೆ ನನ್ನ ಸೆರಗು ಹಿಡಿದ ಮುಷ್ಟಿ ಬಿಡಲಿಲ್ಲ. ನಾನು ಬೇಕೋ ಬೇಡವೋ, ತಿಳಿಯಲಿಲ್ಲ.

"ಇವ್ಳು ನನ್ನ ಮರ್ತಿದಾಳಾ ಮೇಡಂ?" ಎಂದೆ.

"ಒಂದ್ಸಲ ನೋಡಿ ಹಾಗೆಲ್ಲ ಹೇಳೋಕಾಗಲ್ಲ ಕಣ್ರೀ. ಹೆದರಿದ್ರೆ ಯಾರ ಹತ್ರ ಹೋಗ್ತಾಳೆ?"

ನನ್ನ ಹತ್ತಿರ ಎನ್ನಲು ಹೋಗಿ, "ನಮ್ಮತ್ತೆ ಹತ್ರ" ಎಂದುಬಿಟ್ಟೆ. ನನಗೆ ಟಿ.ಬಿ. ಆದಾಗ ಎಂಟು ತಿಂಗಳು ನೀವೇ ಸಾಕಿದ್ದು, ಹೋದ ತಿಂಗಳು ಇಲ್ಲಿಗೆ ಕರೆತಂದ ಮೇಲೆ ಅವಳು ನನಗೆ ಒಗ್ಗಲೆಂದು ನೀವು ಬರುವುದೇ ಬೇಡ ಎಂದು ನಾನೇ ಅಂದದ್ದು, ಎಲ್ಲ ಹೇಳಿದೆ.

"ಅಯ್ಯೋ, ಅಜ್ಜಿನ ಯಾಕ್ರೀ ದೂರ ಮಾಡಿದ್ರಿ? ಮಗೂಗೆ ಇಬ್ರೂ ಇರಬಹುದಲ್ವಾ?" ಎಂದರು.

ನಾನು ಮಾಡಿದ್ದು ಸರಿಯೋ ತಪ್ಪೋ, ಈಗಲೂ ಗೊತ್ತಾಗುತ್ತಿಲ್ಲ. ಭಾನುವಾರ ನಿಮ್ಮ ಮಗನ ಜೊತೆ ಬಂದುಬಿಡಿ. ಹದಿನೈದು ದಿನಕ್ಕಾಗುವಷ್ಟು ಸೀರೆ ತನ್ನಿ. ನಿಮ್ಮನ್ನು ಕಂಡು ಅವಳು ನನ್ನ ತೊಡೆಯಿಂದ ಇಳಿದು ಬಂದರೆ ನಾನು ಅಡುಗೆಮನೆಗೆ ಎದ್ದು ಹೋಗಿಬಿಟ್ಟೇನು. ಆಗ ನನ್ನನ್ನೂ ಕೂಗಿ ಕರೆಯಿರಿ.

ನಿಮ್ಮ ಸೊಸೆ,
ಮೀನಾಕ್ಷಿ