ಬಿಳಿ ಕಾಯಿಯ ಲಾಭ

ಬಿಷ್ಕೆಕ್,
ಫೆಬ್ರವರಿ 11

ಪ್ರೀತಿಯ ಜಿಲ್ದಿಜ್ ಎಜೆ,

'ಪ್ರೀತಿಯ' ಅಂತ ಬರೆದದ್ದು ಬರೀ ಅಭ್ಯಾಸ. ಒಂದು ವರ್ಷ ದೊಡ್ಡವಳು, ಅಕ್ಕನೇ ಎಂದು ನಾರಿನ್ ಊರಿನ ಹಾಸ್ಟೆಲಿನಲ್ಲಿ ಎಜೆ, ಎಜೆ ಎನ್ನುತ್ತಾ ನಿನ್ನ ಹಿಂದೆಯೇ ಸುತ್ತಿದವಳಲ್ಲವೇ ನಾನು? ನಿನ್ನೆ ಚೆಸ್ ತಂಡದಿಂದ ನಿನ್ನ ಹೆಸರು ತೆಗೆದರಲ್ಲ, ದೂರು ಬರೆದುಕೊಟ್ಟವರು ಯಾರೆಂದು ತಲೆ ಕೆಡಿಸಿಕೊಳ್ಳಬೇಡ. ನಾನೇ.

ಇಲ್ಲಿ ಮೊದಲ ವರ್ಷದ ಸ್ಟ್ಯಾಟಿಸ್ಟಿಕ್ಸ್‌ಗೆ ಒಂದು ಪ್ರಾಜೆಕ್ಟ್ ಮಾಡಬೇಕು. ಫೇಲಾಗುವ ಭಯಕ್ಕೆ ನನಗೆ ಗೊತ್ತಿದ್ದ ಒಂದೇ ವಿಷಯ ಹಿಡಿದೆ: ಮೊದಲ ನಡೆ ನಡೆಸುವ ಬಿಳಿಗೆ ಎಷ್ಟು ಲಾಭ? ನೂರು ಪಾಯಿಂಟಿನಲ್ಲಿ ಸುಮಾರು ಐವತ್ನಾಲ್ಕು ಬಿಳಿಗೇ ಹೋಗುತ್ತವೆ. ಆದರೆ ನಮ್ಮ ರೇಟಿಂಗ್ ಲೆಕ್ಕ ಯಾರು ಯಾವ ಬಣ್ಣದಲ್ಲಿ ಆಡಿದರೆಂದು ಕೇಳುವುದೇ ಇಲ್ಲ. ಹಾಸ್ಟೆಲಿನ ಆಟಗಳನ್ನೂ ಸೇರಿಸಿದೆ. ನಿನ್ನೆದುರು ಆಡಿದ ಪ್ರತಿ ಆಟದಲ್ಲೂ ನಾನು ಕರಿ.

ದೊಡ್ಡವಳು ಒಂದು ಬಿಳಿ, ಒಂದು ಕರಿ ಕಾಲಾಳನ್ನು ಎರಡು ಮುಷ್ಟಿಗಳಲ್ಲಿ ಬಚ್ಚಿಟ್ಟು ಚಾಚಬೇಕು, ಚಿಕ್ಕವಳು ಒಂದನ್ನು ಮುಟ್ಟಬೇಕು, ಅದರೊಳಗಿನ ಬಣ್ಣವೇ ಅವಳದು. ಇನ್ನೊಂದು ಮುಷ್ಟಿ ಬಿಚ್ಚಿಸಿದರೆ ದೊಡ್ಡವಳಿಗೆ ಅವಮಾನ. ಹಾಗೆಂದೇ ನಾನು ಒಮ್ಮೆಯೂ ಬಿಚ್ಚಿಸಲಿಲ್ಲ. ನೀನು ನಗುತ್ತಿದ್ದೆ: "ಮತ್ತೆ ಕರೀನೇ! ನಿನ್ ಹಣೇಲಿ ಅದೇ ಬರ್ದಿದೆ ಕಣೇ ಬೆರ್ಮೆತ್!" ಆ ಆಟಗಳ ರೇಟಿಂಗ್ ನೋಡಿಯೇ ತಂಡದ ಒಂದೇ ಒಂದು ಸೀಟು ನಿನಗೆ ಕೊಟ್ಟರು.

ಶನಿವಾರ ಕ್ಲಬ್ಬಿನಲ್ಲಿ ಬಿಸಿಬಿಸಿ ಕರಿದ ಬೋರ್ಸೋಕ್ ತಿನ್ನುತ್ತಾ "ಎಜೆ, ಒಂದಾಟ ಆಡೋಣ್ವಾ?" ಅಂದೆನಲ್ಲ, ಕೋಚ್ ತಾಲಾಯ್ ಅಗಾಯ್ ಪಕ್ಕದಲ್ಲೇ ಕೂತಿದ್ದು ನೋಡಿಯೇ ಅಂದದ್ದು. ನೀನು ಮುಷ್ಟಿ ಚಾಚಿದೆ. ನಾನು ಎರಡನ್ನೂ ಹಿಡಿದು ಬಿಚ್ಚಿಸಿದೆ. ಎರಡರಲ್ಲೂ ಕರಿ ಕಾಲಾಳು.

"ಏನಮ್ಮಾ, ಬಿಳೀದನ್ನ ನುಂಗ್ಬಿಟ್ಯಾ?" ಅಂದರು ಅಗಾಯ್.

"ತಮಾಷೆಗೆ, ಅಗಾಯ್!" ಅಂದೆ ನೀನು. ಯಾರೂ ನಗಲಿಲ್ಲ. ನನಗೆ ಮಾತ್ರ ಒಳಗೊಳಗೇ ಎಷ್ಟು ನಗು ಬಂತು ಗೊತ್ತಾ?

ಏಪ್ರಿಲ್‌ನಲ್ಲಿ ಸಮರ್‌ಕಂದ್‌ನ ಪಂದ್ಯಾವಳಿಗೆ ನಿನ್ನ ಬದಲು ನಾನು ಹೋಗುತ್ತೇನೆ. ನನಗೇನೂ ಬೇಜಾರಿಲ್ಲ. ಅವಮಾನ ಅಂದರೆ ಏನೆಂದು ನಿನಗೂ ಗೊತ್ತಾಗಲಿ.

ಇನ್ನು ಮೇಲೆ ನಿನ್ನ ತಂಗಿಯಲ್ಲದ,
ಬೆರ್ಮೆತ್

ತಾ.ಕ.: ಪ್ರಾಜೆಕ್ಟಿನ ಕೊನೆಯ ಲೆಕ್ಕವನ್ನು ಯಾರಿಗೂ ತೋರಿಸಿಲ್ಲ. ಬಿಳಿಯ ಲಾಭವನ್ನೆಲ್ಲ ಕಳೆದರೂ ನಿನ್ನ ರೇಟಿಂಗ್ ನನ್ನದಕ್ಕಿಂತ ಮೇಲೇ ನಿಲ್ಲುತ್ತದೆ. ತಪ್ಪಿರಬಹುದೆಂದು ಅಳುತ್ತಲೇ ಮತ್ತೆ ಮಾಡಿದೆ. ಅದೇ ಉತ್ತರ. ಮೋಸ ಮಾಡದೇ ಇದ್ದಿದ್ದರೂ ಆ ಸೀಟು ನಿನ್ನದೇ ಆಗುತ್ತಿತ್ತು, ಎಜೆ. ಅಗಾಯ್‌ಗೆ ಇದು ಬೇಕಾಗಿಲ್ಲ. ನಿನಗೆ ಮಾತ್ರ ಗೊತ್ತಿರಲಿ ಅಂತ ಬರೆದೆ.