ಸದ್ದು ಇಳಿಸಿ, ನಿಲ್ಲಿಸಬೇಡಿ

ಹಾರ್ಲನ್ ಕ್ರಾಸಿಂಗ್, ಮಿಷಿಗನ್
13 ಜುಲೈ 2016

ಪ್ರೀತಿಯ ತಮ್ಮಾ ಎಲ್ವುಡ್,

ಉಸಿರು ಹೇಗಿದೆ? ಮಲಗುವಾಗ ಈಗಲೂ ಬೆನ್ನಿಗೆ ಎರಡು ದಿಂಬು ಬೇಕೇ? ವರ್ನಾ ಕಳಿಸಿದ ಚೆರಿ ಪೈ ನಿನಗೆ ಸಿಕ್ಕಿತೋ, ಆಸ್ಪತ್ರೆಯ ನರ್ಸುಗಳ ಪಾಲಾಯಿತೋ ತಿಳಿಸು. ಎರಡನೆಯದೇ ಆಗಿರಬೇಕು ಎನ್ನುತ್ತಾಳೆ ನಿನ್ನ ಅತ್ತಿಗೆ. ನಾನು ಆರೋಗ್ಯವಾಗಿದ್ದೇನೆ. ರಕ್ತದೊತ್ತಡದ ಮಾತು ಮಾತ್ರ ಎತ್ತಬೇಡ.

ನಿನ್ನ ಶೆವೆಲ್ ಕಾರಿನ ವಿಷಯಕ್ಕೆ ಬರುತ್ತೇನೆ. ಆಗಸ್ಟಿನ ಹಳೇ ಕಾರುಗಳ ಮೆರವಣಿಗೆಯಲ್ಲಿ ಇನ್ನೊಂದು ಸಲ ಅದರಲ್ಲಿ ಕೂರಬೇಕೆಂದು ನೀನು ಕೇಳಿದ್ದಕ್ಕೆ ಎಂಜಿನ್ ಇಳಿಸಿ ನನ್ನ ಗ್ಯಾರೇಜಿನಲ್ಲಿ ಬಿಚ್ಚಿದ್ದೆನಲ್ಲ, ಅಷ್ಟು ದಿನ ಕಾರು ಮನೆ ಮುಂದೆ ನಿಂತಿತ್ತು. ಅಷ್ಟಕ್ಕೇ ಪೌರಸಭೆಯ ನೋಟಿಸು ಬಂತು: ಓಡದ ವಾಹನ ಬೀದಿಗೆ ಕಾಣುವಂತೆ ನಿಲ್ಲಬಾರದು, ತಪಾಸಣೆಯ ದಿನ ಎಂಜಿನ್ ನಡೆಯದಿದ್ದರೆ ಎಳೆದೊಯ್ಯಲಾಗುವುದು. ಊರಿನ ನಿಯಮಾವಳಿಯನ್ನು ಮೊದಲಿನಿಂದ ಕಡೆಯವರೆಗೆ ಓದಿದವನು ನಾನೊಬ್ಬನೇ ಇರಬೇಕು. ಅದನ್ನು ಬರೆದವರೂ ಓದಿದಂತಿಲ್ಲ. ಎಪ್ಪತ್ತನೇ ಇಸವಿಯಲ್ಲಿ ಇದೇ ಪೌರಸಭೆ ಬೀದಿಗೆ ಅಡ್ಡಲಾಗಿ ‘ದೇಶ ಓಡುವುದು ನಮ್ಮ ಎಂಜಿನ್ನಿನಿಂದ’ ಎಂಬ ಬಟ್ಟೆ ಕಟ್ಟಿತ್ತು. ನೀನು ಎಂಜಿನ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಆ ಬಟ್ಟೆಯ ಕೆಳಗೇ ಈ ಕಾರನ್ನು ಹೊಚ್ಚಹೊಸದಾಗಿ ಮನೆಗೆ ತಂದೆ. ಕಾರ್ಖಾನೆ ಕೆಡವಿದಾಗ ಇವರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಅಲ್ಲೀಗ ಎದೆಯೆತ್ತರ ಹುಲ್ಲು ಬೆಳೆದಿದೆ, ಅದಕ್ಕೆ ಯಾರೂ ನೋಟಿಸು ಅಂಟಿಸಿಲ್ಲ.

ನಿನ್ನೆ ತಪಾಸಣೆಯಾಯಿತು. ಎಂಜಿನ್ ಕೂರಿಸಿದ್ದು ಮೊನ್ನೆ. ರೇಡಿಯೇಟರಿನ ಸೋರಿಕೆ ನಿಂತದ್ದು ನಿನ್ನೆ ಬೆಳಗ್ಗೆ. ಹೀಗಾಗಿ ಅದರ ಮೊದಲ ಓಟವೇ ಅಧಿಕಾರಿಯ ಎದುರಿಗೆ ಆಗಬೇಕಾಯಿತು. ಬಂದವಳು ಮಿಸ್ ಪ್ಲೆಶಾ ಎಂಬ ಚಿಕ್ಕ ವಯಸ್ಸಿನ ಹೆಂಗಸು, ಬಲು ಮರ್ಯಾದಸ್ಥೆ. ಹಿಂದೆಯೇ ಎಳೆದೊಯ್ಯುವ ಲಾರಿಯೂ ಬಂದು ನಿಂತಿತು. ಕೀಲಿ ತಿರುಗಿಸಿದೆ. ಮೊದಲ ಸಲಕ್ಕೇ ಹತ್ತಿಕೊಂಡಿತು ಎಲ್ವುಡ್! ವರ್ನಾಳ ಕಪಾಟಿನ ತಟ್ಟೆಗಳು ಗಲಗಲ ಎಂದವಂತೆ. ಲಾರಿಯವನು ಕೆಳಗಿಳಿದು, “ಅಬ್ಬಬ್ಬಾ, ಏನ್ ಸೌಂಡು ಅಜ್ಜಾ! ಇದನ್ನ ಎಳ್ಕೊಂಡ್ ಹೋಗೋ ಪಾಪ ನಂಗ್ ಬೇಡಪ್ಪ” ಎಂದ. ನಾನು ಪೆಡಲ್ ಒತ್ತಿಯೇ ಇದ್ದೆ. ಅಷ್ಟರಲ್ಲಿ ಮಿಸ್ ಪ್ಲೆಶಾಳ ಫೋನು ಹೊಡೆದುಕೊಂಡಿತು. “ಯಜಮಾನ್ರೇ, ಸದ್ದು ಇಳಿಸಿ. ಪಕ್ಕದ್ಮನೆಯಿಂದ ಕಂಪ್ಲೇಂಟ್ ಬಂದಿದೆ” ಎಂದಳು. “ಆಗಲ್ಲಮ್ಮ. ಒಳಗಿರೋ ಕ್ಯಾಮ್ ಶಾಫ್ಟ್ ಹೊಸದು. ಮೊದಲ ಇಪ್ಪತ್ತು ನಿಮಿಷ ಜೋರಾಗೇ ಓಡ್ಬೇಕು. ಮೆಲ್ಲಗೆ ಓಡಿದ್ರೆ ಅದಕ್ಕೆ ಎಣ್ಣೆ ಸಾಲಲ್ಲ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಸವೆದೇ ಹೋಗುತ್ತೆ” ಎಂದೆ. “ಹಾಗಾದ್ರೆ ಆಫ್ ಮಾಡ್ಬಿಡಿ.” “ಮಾಡಿದ್ರೆ?” “ಓಡದ ಗಾಡಿ ಅಂತ ಬರೀಬೇಕಾಗುತ್ತೆ. ನನ್ನ ತಪಾಸಣೆ ಇನ್ನೂ ಮುಗಿದಿಲ್ವಲ್ಲ. ನನ್ ಕೈಲಿ ಏನಿದೆ ಹೇಳಿ ಯಜಮಾನ್ರೇ?”

ನನ್ನ ಕೈಯಲ್ಲಿ ಏನಿತ್ತು ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಪೌರಸಭೆಯಲ್ಲಿ ಎದ್ದು ನಿಂತು ನಾಲ್ವರು ಮೇಯರುಗಳ ಬೆವರಿಳಿಸಿದವನು ನಾನು. ನಿಲ್ಲಿಸಿದರೆ ಲಾರಿ, ಓಡಿಸಿದರೆ ದೂರು. ಕಾಲು ಸಡಿಲಿಸಿದೆ. ಎಂಜಿನ್ ಗೊರಗೊರ ಎನ್ನುತ್ತಿದ್ದಂತೆ ಅವಳು ದೀಪ ನೋಡಿದಳು, ವೈಪರ್ ನೋಡಿದಳು, ಬ್ರೇಕು ನೋಡಿದಳು. ಹಾರನ್ನು ಕೂಡ ಹೊಡೆಸಿದಳು. ಆ ಸದ್ದಿಗೆ ದೂರು ಬರಲಿಲ್ಲ. ಅವಳು ಕಾಗದಕ್ಕೆ ಸಹಿ ಹಾಕುವ ಹೊತ್ತಿಗೆ ಒಳಗಿನಿಂದ ಟಕ್ ಟಕ್ ಎಂದು ಶುರುವಾಗಿತ್ತು. ನನಗೆ ಕೇಳಿಸಿತು. ಲಾರಿಯವನಿಗೂ ಕೇಳಿಸಿತು, ಅವನು ಟೋಪಿ ತೆಗೆದ. ಅವಳಿಗೆ ಕೇಳಿಸಲಿಲ್ಲ. “ಪಾಸು ಯಜಮಾನ್ರೇ! ನೋಡಿ, ನೀವು ಸುಮ್ನೆ ಹೆದರಿದ್ರಿ” ಎಂದು ಕೈ ಕುಲುಕಿದಳು. ನಿಜವಾಗಿಯೂ ಸಂತೋಷಪಟ್ಟಿದ್ದಳು, ಬೈಯಲೂ ಬಾಯಿ ಬರಲಿಲ್ಲ. ಸಂಜೆ ಎಣ್ಣೆ ಬಸಿದು ನೋಡಿದೆ, ಸವೆದ ಕ್ಯಾಮಿನ ಚೂರಿನಿಂದ ಬೆಳ್ಳಿಯ ಪುಡಿ ಕಲಸಿದಂತೆ ಮಿನುಗುತ್ತಿತ್ತು.

ಮೇಯರಿಗೆ ಮೂರು ಪುಟ ಬರೆದು ಹರಿದು ಹಾಕಿದೆ. ಯಾವ ನಿಯಮ ಮುರಿದರೆಂದು ಬರೆಯಲಿ? ಎಲ್ಲವನ್ನೂ ಪಾಲಿಸಿದ್ದಾರೆ.

ವರ್ನಾ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ನರ್ಸುಗಳ ಜೊತೆ ಜಗಳವಾಡಬೇಡ, ಆ ಕೆಲಸ ನನಗೆ ಬಿಡು. ದೇವರು ನಿನ್ನ ಎದೆಯನ್ನು ಹಗುರವಾಗಿಡಲಿ.

ನಿನ್ನ ಅಣ್ಣ,
ಹೋಬರ್ಟ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಮತ್ತೆ ಪೂರ್ತಿ ಬಿಚ್ಚಿ, ತೊಳೆದು, ಇನ್ನೊಂದು ಕ್ಯಾಮ್ ಹಾಕಿದರೆ ಎಂಜಿನ್ ಉಳಿಯುತ್ತದೆ, ಆದರೆ ನನ್ನ ಈ ಕೈಗಳಿಂದ ಅದು ಚಳಿಗಾಲಕ್ಕೆ ಮೊದಲು ಆಗುವ ಮಾತಲ್ಲ. ನೀನು ಚಳಿಗಾಲ ಕಾಣುವ ಬಗ್ಗೆ ಡಾಕ್ಟರು ಏನೆಂದರೆಂದು ನೀನೇ ಫೋನಿನಲ್ಲಿ ಹೇಳಿದ್ದೀಯ. ಬಿಚ್ಚದೆ ಹಾಗೇ ಓಡಿಸಿದರೆ ಟಕ್ ಟಕ್ ಎನ್ನುತ್ತಲೇ ನಿನ್ನನ್ನು ಊರಾಚೆಯ ಕೆರೆಯವರೆಗೆ ಒಯ್ದೀತು, ವಾಪಸು ಬಂದೀತೋ ಇಲ್ಲವೋ. ಅಲ್ಲಿಗೆ ಅದರ ಕಥೆ ಮುಗಿಯಿತು. ಉಳಿಸಲೋ, ಭಾನುವಾರ ಅದನ್ನೇ ಆಸ್ಪತ್ರೆಯ ಬಾಗಿಲಿಗೆ ತರಲೋ? ಕಾರು ನಿನ್ನದು ತಮ್ಮಾ, ನನಗೆ ತೋಚುತ್ತಿಲ್ಲ. ತರುವುದಾದರೆ ಕೋಟು ಹಾಕಿಕೊಂಡಿರು, ಜುಲೈಯಾದರೂ ಕೆರೆಯ ಗಾಳಿ ನಿನ್ನ ಎದೆಗೆ ತಣ್ಣಗಾದೀತು; ಹೀಟರ್ ಇನ್ನೂ ಜೋಡಿಸಿಲ್ಲ.