ಅಮ್ಮನ ತಲೆಗೆ ಬಂದ ಹೊಸ ಕೂದಲು

ಮೌಲಮೈನ್
ಏಪ್ರಿಲ್, ಹೊಸವರ್ಷದ ಮರುದಿನ

ಮಗಳೇ ನ್ವೇ ನೀ,

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೇ? ಗಡಿಯಾಚೆಯ ಹೊಲಿಗೆ ಕಾರ್ಖಾನೆಯ ಕೆಲಸ ಬಿಟ್ಟು ಬರಲೇ ಎಂದು ಮತ್ತೆ ಕೇಳಿದ್ದೀಯ. ಬಿಟ್ಟರೆ ತಿರುಗಿ ಸೇರಿಸಿಕೊಳ್ಳುವುದಿಲ್ಲವೆಂದೂ ನೀನೇ ಹೇಳುತ್ತೀಯ. ಫೋನಿನಲ್ಲಿ ನಿನ್ನ ಮೂಗು ಸೊರಸೊರ ಎಂದರೆ ನನಗೆ ಸಿಟ್ಟು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೇ ಬಿಟ್ಟವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ಹೋದ ವರ್ಷ ನೋಡಿದ ತಲೆ ಈಗಿಲ್ಲ. ಶ್ವಾಸಕೋಶದ ಗಡ್ಡೆಯನ್ನಷ್ಟೇ ಹುಡುಕಿ ಹೊಡೆಯುವ ಮಾತ್ರೆ, ಕೂದಲಿಗೆ ಏನೂ ಆಗುವುದಿಲ್ಲ ಅಂದಿದ್ದ ಡಾಕ್ಟರ್. ಸುಳ್ಳ! ಒಂದೇ ಸಲ ಉದುರಿದ್ದರೆ ಬೋಳಿಸಿಕೊಂಡು ಸನ್ಯಾಸಿನಿ ಎನ್ನಿಸಿಕೊಳ್ಳುತ್ತಿದ್ದೆ. ಇದು ದಿನಾ ಬಾಚಣಿಗೆಗೆ ಇಷ್ಟಿಷ್ಟೇ ಬಂದು, ತುರುಬು ಬೆಳ್ಳುಳ್ಳಿಯಷ್ಟಾಯಿತು. ಎದುರುಮನೆಯ ತಿನ್ ತಿನ್ ಚೌರಿ ತಂದಳು. “ಯಾರ ತಲೇದೋ ಏನೋ, ನೀನೇ ಕಟ್ಕೊಳೇ” ಎಂದು ಓಡಿಸಿದೆ.

ನಿನ್ನೆ ಕೇರಿಯ ಹುಡುಗಿಯರು ಹಿರಿಯರ ತಲೆ ತೊಳೆದು ಪುಣ್ಯ ಕಟ್ಟಿಕೊಳ್ಳಲು ಬಂದರು. ಬಾಗಿಲು ಹಾಕಿಕೊಂಡೆ. ತಿನ್ ತಿನ್ನಳ ಮೊಮ್ಮಗಳು ಸೂ ಮೋನ್ ಬಿಂದಿಗೆ ಹಿಡಿದು ಹೊರಗೇ ಕೂತಳು. “ಅಜ್ಜೀ, ಸೀಗೆಕಾಯಿ ನೀರು ತಣ್ಣಗಾಗ್ತಿದೆ. ಬೈಯೋದಾದ್ರೆ ಒದ್ದೆ ತಲೇಲೇ ಬೈಯಿ” ಅಂದಳು.

ಹೋಗಿ ತಲೆ ಬಗ್ಗಿಸಿದೆ. ಉಜ್ಜುತ್ತಿದ್ದ ಬೆರಳು ನಿಂತುಬಿಟ್ಟಿತು. ಉಳಿದದ್ದೂ ಕೈಗೆ ಬಂತೇನೋ ಅಂದುಕೊಂಡೆ. “ಎಲ್ರೂ ಬನ್ರೇ ಇಲ್ಲಿ! ಅಜ್ಜಿಗೆ ಹೊಸ ಕೂದಲು! ಕೋಳಿಮರಿ ಪುಕ್ಕದ ಥರ!” ಎಂದು ಕೂಗಿದಳು. ಕೇರಿಯೇ ಸೇರಿತು. “ಕಾಯಿಲೆ ಹೋಯ್ತು ಬಿಡು, ಗಟ್ಟಿಗಿತ್ತಿ ಮುದುಕಿ” ಎಂದು ತಿನ್ ತಿನ್ ಅತ್ತಳು. ಎಲ್ಲ ತನ್ನ ಕೈಗುಣ ಎಂದು ಆ ಹುಡುಗಿ ಮೆರೆದಳು. ನಾನು ಯಾರಿಗೂ ಬೈಯಲಿಲ್ಲ.

ನಿನಗೂ ಫೋಟೋ ಕಳಿಸುತ್ತಾಳಂತೆ. ನೋಡಿ ಸಮಾಧಾನ ಮಾಡಿಕೋ. ಬರುವುದೇನೂ ಬೇಡ, ಕೆಲಸ ನೋಡಿಕೋ.

ನಿನ್ನ ಮುಂಗೋಪಿ ಅಮ್ಮ,
ಓನ್ ಖಿನ್

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದೆ. ಗಡ್ಡೆ ಈಗ ಮಾತ್ರೆಗೆ ಬಗ್ಗುತ್ತಿಲ್ಲ, ಬೇರೆ ಔಷಧವೂ ಇಲ್ಲ ಎಂದು ಡಾಕ್ಟರ್ ಚಳಿಗಾಲದಲ್ಲೇ ಎಲ್ಲ ನಿಲ್ಲಿಸಿಬಿಟ್ಟ. ಮಾತ್ರೆ ನಿಂತಿತು, ಅದಕ್ಕೇ ಕೂದಲು ಬಂತು. ಕೇರಿಯಲ್ಲಿ ಹೇಳಿಲ್ಲ, ಆ ಹುಡುಗಿಯ ಮುಖ ನೋಡಿ ಬಾಯಿ ಬರಲಿಲ್ಲ. ಕೆಲಸ ಹಾಳಾಗಿ ಹೋಗಲಿ. ಮಳೆ ಹಿಡಿಯುವುದರೊಳಗೆ ಬಂದುಬಿಡು.